ಪೇಟೆ ಧಾರಣೆ ಕಿವಿಗೂ ಕೇಳಲಿ

ಜಗಲಿಯ ಮೇಲೆ ರೇಡಿಯೋ ಇಟ್ಟುಕೊಂಡು, ಸುತ್ತ ನಾಲ್ಕಾರು ಮಂದಿ ಕುಳಿತು ಪೇಟೆ ಧಾರಣೆ ಕೇಳುತ್ತಿದ್ದ ಕಾಲವೊಂದಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಹಳ್ಳಿಗಳಿಗೆ 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಕೇಂದ್ರ ಹತ್ತಿರದ್ದು. ಜಗಳೂರಿನವರಿಗೆ ಮುಂದೆ ಚಿತ್ರದುರ್ಗ ಕೇಂದ್ರವೂ ದೊರೆಯಿತು. ಅಡಿಕೆ, ಮೆಕ್ಕೆಜೋಳ, ಭತ್ತ, ಶೇಂಗಾ ಎಂದು ಒಂದೊಂದನ್ನೇ ಹೆಸರಿಸಿ, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬುದನ್ನು ಉದ್ಘೋಷಕರು ನಿಧಾನವಾಗಿ ಓದಿ ಹೇಳುತ್ತಿದ್ದರು. ಕೇಳುವವರ ನಡುವೆ ಕಣ್ಣು ಕಾಣದ ರೈತರೊಬ್ಬರು ಇದ್ದರೆ ಅವರಿಗೂ ಆ ಸುದ್ದಿ ಉಳಿದವರಿಗೆ ತಲುಪಿದ ಕ್ಷಣದಲ್ಲೇ, ಅಷ್ಟೇ ಸ್ಪಷ್ಟವಾಗಿ ತಲುಪುತ್ತಿತ್ತು. ಕಿವಿ ಕೇಳದವರಿಗೆ ಮಾತ್ರ ಯಾರಾದರೂ ಸನ್ನೆ ಮಾಡಿಯೋ ಬರೆದೋ ತಿಳಿಸಬೇಕಾಗುತ್ತಿತ್ತು.

ಈಗ ಧಾರಣೆ ಮೊಬೈಲಿಗೆ ಬರುತ್ತದೆ. ಅಡಿಕೆ ಮಂಡಿಯವರು, ಬೀಜ-ಗೊಬ್ಬರದ ಅಂಗಡಿಯವರು, ಬಟ್ಟೆ ವ್ಯಾಪಾರಿಗಳು, ತರಬೇತಿ ಕೇಂದ್ರದವರು ತಮ್ಮ ತಮ್ಮ ಜಾಲತಾಣ ತೆರೆದಿದ್ದಾರೆ ಅಥವಾ ವಾಟ್ಸಾಪಿನಲ್ಲಿ ದರಪಟ್ಟಿ ಹಂಚುತ್ತಾರೆ. ಪಟ್ಟಿ ಬಹುಪಾಲು ಬಣ್ಣಬಣ್ಣದ ಒಂದು ಚಿತ್ರವಾಗಿರುತ್ತದೆ; ಇಲ್ಲವೇ ಕರಿಹಲಗೆಯ ಮೇಲೆ ಬರೆದದ್ದರ ಫೋಟೋ. ಕಣ್ಣಿರುವವರು ಒಂದು ನೋಟದಲ್ಲಿ ಓದಿ ಮುಗಿಸುತ್ತಾರೆ. ಕಣ್ಣು ಕಾಣದ ಆ ರೈತರ ಮೊಬೈಲು ಮಾತನಾಡುವ ಮೊಬೈಲೇ ಆಗಿದ್ದರೂ, ಅಂಥ ಪಟ್ಟಿಯ ಮೇಲೆ ಬೆರಳಿಟ್ಟಾಗ ಹೇಳುವುದು ಸಾಮಾನ್ಯವಾಗಿ ಒಂದೇ ಪದ: ‘ಚಿತ್ರ’. ಅರವತ್ತು ವರ್ಷದ ಹಿಂದಿನ ರೇಡಿಯೋ ಕೊಟ್ಟದ್ದನ್ನು ಇಂದಿನ ಯಂತ್ರ ಕೊಡದೆ ಹೋಯಿತು.

ಯಂತ್ರಕ್ಕೆ ಆ ಶಕ್ತಿ ಇಲ್ಲವೆಂದಲ್ಲ. ರೇಡಿಯೋ ಕಿವಿಗೆ ಮಾತ್ರ ಮುಟ್ಟುತ್ತಿತ್ತು, ಪತ್ರಿಕೆ ಕಣ್ಣಿಗೆ ಮಾತ್ರ. ಗಣಕದ ಪುಟವಾದರೋ ಕಣ್ಣಿಗೂ ಕಿವಿಗೂ ಬೆರಳಿನ ತುದಿಗೂ ಮುಟ್ಟಬಲ್ಲದು. ಆದರೆ ಅದನ್ನು ಸಿದ್ಧಪಡಿಸುವವರು ಅದಕ್ಕೆ ತಕ್ಕಂತೆ ಬರೆದಿರಬೇಕು. ತಕ್ಕಂತೆ ಬರೆಯುವುದು ಎಂದರೇನು?

ಪುಟವನ್ನು ಓದುವ ಯಂತ್ರ

ಜಾಲತಾಣದ ಪ್ರತಿಯೊಂದು ಪುಟಕ್ಕೂ ಎರಡು ರೂಪಗಳಿವೆ. ಪರದೆಯ ಮೇಲೆ ಕಾಣುವ ಬಣ್ಣ, ಅಕ್ಷರ, ಚಿತ್ರಗಳದ್ದು ಒಂದು ರೂಪ. ಅದರ ಹಿಂದೆ, ‘ಇದು ಶೀರ್ಷಿಕೆ’, ‘ಇದು ಪರಿಚ್ಛೇದ’, ‘ಇದು ಗುಂಡಿ’, ‘ಇಲ್ಲಿ ಹೆಸರು ತುಂಬಬೇಕು’ ಎಂದು ಗಣಕಕ್ಕೆ ತಿಳಿಸುವ ಬರಹ ಇನ್ನೊಂದು ರೂಪ. ಎಚ್‌ಟಿಎಂಎಲ್ ಎಂದು ವಿದ್ಯಾರ್ಥಿಗಳು ಕಲಿಯುವುದು ಈ ಎರಡನೆಯದನ್ನೇ.

ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಈ ಹಿಂದಿನ ಬರಹವನ್ನು ಕ್ರಮವಾಗಿ ಓದಿ, ಅದನ್ನು ಧ್ವನಿಯಾಗಿ ಮಾರ್ಪಡಿಸುತ್ತದೆ. ಬೇಕಾದರೆ ಬ್ರೈಲ್ ಫಲಕಕ್ಕೂ ಕಳಿಸುತ್ತದೆ. ಆ ಫಲಕದಲ್ಲಿ ಸಣ್ಣ ಸಣ್ಣ ಕಡ್ಡಿಗಳು ಮೇಲೆದ್ದು, ಬೆರಳಿಗೆ ತಾಗುವ ಚುಕ್ಕೆಗಳಾಗುತ್ತವೆ. ‘ಜಾಸ್’ ಎಂಬ ತಂತ್ರಾಂಶ ಅಮೆರಿಕದಲ್ಲಿ 1989ರಲ್ಲೇ ಹುಟ್ಟಿತು. ಅದನ್ನು ರೂಪಿಸಿದ ಟೆಡ್ ಹೆಂಟರ್ ಸ್ವತಃ ದೃಷ್ಟಿ ಕಳೆದುಕೊಂಡವರು. ಆದರೆ ಅದರ ಬೆಲೆ ದುಬಾರಿ. 2006ರಲ್ಲಿ ಆಸ್ಟ್ರೇಲಿಯದ ಮೈಕಲ್ ಕರನ್ ಎಂಬ ಅಂಧ ಯುವಕ ‘ಎನ್‌ವಿಡಿಎ’ ಎಂಬ ಸ್ಕ್ರೀನ್ ರೀಡರನ್ನು ಬರೆಯತೊಡಗಿದ. ಅವನ ಗೆಳೆಯ, ಅಂಧನೇ ಆದ ಜೇಮ್ಸ್ ಟೆ ಜೊತೆಗೂಡಿದ. ಇದು ಎಲ್ಲರಿಗೂ ಉಚಿತ. ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ‘ಟಾಕ್‌ಬ್ಯಾಕ್’, ಐಫೋನಿನಲ್ಲಿ ‘ವಾಯ್ಸ್‌ಓವರ್’ ಎಂಬ ಹೆಸರಿನಲ್ಲಿ ಇಂಥದೇ ಸೌಲಭ್ಯವಿದೆ.

ಕಣ್ಣಿರುವವರು ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. ಶೀರ್ಷಿಕೆಗಳ ಮೇಲೆ ಕಣ್ಣಾಡಿಸಿ ತಮಗೆ ಬೇಕಾದಲ್ಲಿ ನಿಲ್ಲುತ್ತಾರೆ. ಅಂಧರೂ ಹಾಗೆಯೇ ‘ಕಿವಿಯಾಡಿಸುತ್ತಾರೆ’. ಎನ್‌ವಿಡಿಎ ಬಳಸುವವರು ಕೀಲಿಮಣೆಯ ‘ಎಚ್’ ಒತ್ತಿದರೆ ಒಂದು ಶೀರ್ಷಿಕೆಯಿಂದ ಮುಂದಿನ ಶೀರ್ಷಿಕೆಗೆ, ‘ಬಿ’ ಒತ್ತಿದರೆ ಮುಂದಿನ ಗುಂಡಿಗೆ, ‘ಟಿ’ ಒತ್ತಿದರೆ ಮುಂದಿನ ಕೋಷ್ಟಕಕ್ಕೆ ಹಾರಬಹುದು. ಆದರೆ ಜಾಲತಾಣ ಮಾಡಿದವರು ಶೀರ್ಷಿಕೆಯನ್ನು ‘ಶೀರ್ಷಿಕೆ’ ಎಂದು ಗುರುತಿಸದೆ, ಅಕ್ಷರವನ್ನು ದಪ್ಪಗೆ ಮಾಡಿ ಬಿಟ್ಟಿದ್ದರೆ? ಕಣ್ಣಿಗೆ ಅದು ಶೀರ್ಷಿಕೆ. ಯಂತ್ರಕ್ಕೆ ಬರೇ ಇನ್ನೊಂದು ಸಾಲು. ‘ಎಚ್’ ಒತ್ತಿದವರಿಗೆ ‘ಮುಂದೆ ಶೀರ್ಷಿಕೆ ಇಲ್ಲ’ ಎಂಬ ಉತ್ತರ ಬರುತ್ತದೆ.

ಅಡಿಕೆ ಧಾರಣೆಯ ಪಟ್ಟಿಯನ್ನೇ ತೆಗೆದುಕೊಳ್ಳೋಣ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಸಾಲುಗಳು. ಕನಿಷ್ಠ, ಗರಿಷ್ಠ, ಸರಾಸರಿ ಎಂಬ ಕಂಬಗಳು. ಕೋಷ್ಟಕವನ್ನು ಸರಿಯಾಗಿ ಬರೆದು, ತಲೆಸಾಲು ಯಾವುದೆಂದು ಗುರುತಿಸಿದ್ದರೆ ಸ್ಕ್ರೀನ್ ರೀಡರ್ ಪ್ರತಿ ಅಂಕಿಯ ಜೊತೆಗೂ ‘ರಾಶಿ, ಗರಿಷ್ಠ’ ಎಂದು ಹೇಳಬಲ್ಲದು. ಗುರುತಿಸದೆ ಇದ್ದರೆ ಹನ್ನೆರಡು ಅಂಕಿಗಳು ಒಂದರ ಹಿಂದೊಂದು ಬೀಳುತ್ತವೆ. ಯಾವುದು ಯಾವುದರ ಬೆಲೆ ಎಂದು ನೆನಪಿನಲ್ಲೇ ಲೆಕ್ಕ ಹಾಕಬೇಕು. ಪಟ್ಟಿ ಚಿತ್ರವಾಗಿದ್ದರಂತೂ ಆ ಹನ್ನೆರಡು ಅಂಕಿಗಳೂ ಇಲ್ಲ. ಚಿತ್ರ ಹಾಕಲೇಬೇಕಿದ್ದರೆ ಅದರಲ್ಲಿ ಏನಿದೆ ಎಂಬುದನ್ನು ಅದರ ಹಿಂದೆ ಮಾತಿನಲ್ಲಿ ಬರೆದಿಡಲು ಸ್ಥಳವಿದೆ. ಅದನ್ನು ‘ಆಲ್ಟ್ ಪಠ್ಯ’ ಎನ್ನುತ್ತಾರೆ. ಹೆಚ್ಚಿನವರು ಆ ಸ್ಥಳವನ್ನು ಖಾಲಿ ಬಿಡುತ್ತಾರೆ. ಈಗ ಚಿತ್ರದೊಳಗಿನ ಅಕ್ಷರಗಳನ್ನು ಊಹಿಸಿ ಓದುವ ತಂತ್ರಾಂಶಗಳೂ ಬಂದಿವೆ. ಆದರೆ ಬೆಲೆಯ ಒಂದು ಅಂಕಿ ತಪ್ಪಿದರೂ ನಷ್ಟವಾಗುವ ಕಡೆ ಊಹೆಯನ್ನು ನಂಬಿ ಕೂರುವಂತಿಲ್ಲ.

ಕನ್ನಡವೇ ಕಲಿಸಿದ ಪಾಠ

ಕಣ್ಣಿಗೆ ಕಾಣುವ ಅಕ್ಷರ ಬೇರೆ, ಯಂತ್ರದೊಳಗಿನ ಅಕ್ಷರ ಬೇರೆ ಎಂಬುದಕ್ಕೆ ಕನ್ನಡದಲ್ಲೇ ಒಳ್ಳೆಯ ಉದಾಹರಣೆಯಿದೆ. ಗಣಕಕ್ಕೆ ಕನ್ನಡ ಬಾರದಿದ್ದ ದಿನಗಳಲ್ಲಿ ಒಂದು ಜಾಣ ಉಪಾಯ ಬಳಕೆಗೆ ಬಂತು. ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ಆಕಾರಗಳನ್ನು ಕೂರಿಸಿ ಫಾಂಟುಗಳನ್ನು ಮಾಡಲಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದವು. ಲಕ್ಷಾಂತರ ಕನ್ನಡಿಗರು ಗಣಕದಲ್ಲಿ ಕನ್ನಡ ಕಂಡದ್ದು ಇವುಗಳಿಂದಲೇ. ಆ ಉಪಕಾರ ದೊಡ್ಡದು.

ಆದರೆ ಈ ಹಳೆಯ ಫಾಂಟುಗಳಲ್ಲಿ ‘ಕನ್ನಡ’ ಎಂದು ಬರೆದಾಗ ಕಡತದೊಳಗೆ ಏನಿರುತ್ತಿತ್ತು? ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಓರೆಗೆರೆ ಇರುವ ‘ಎ’, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಓರೆಗೆರೆಯ ‘ಎ’, ಜರ್ಮನ್ ಭಾಷೆಯ ವಿಶಿಷ್ಟ ‘ಎಸ್’, ಇಂಗ್ಲಿಷಿನ ‘ಕ್ಯು’, ಕೊನೆಗೆ ಮತ್ತೊಮ್ಮೆ ಓರೆಗೆರೆಯ ‘ಎ’. ಒಟ್ಟು ಏಳು ಚಿಹ್ನೆಗಳು. ಫಾಂಟ್ ಇದ್ದರೆ ಕಣ್ಣಿಗೆ ಮುದ್ದಾದ ಕನ್ನಡ. ಸ್ಕ್ರೀನ್ ರೀಡರಿಗೆ ಕಣ್ಣಿಲ್ಲ. ಅದು ಕಡತದಲ್ಲಿರುವುದನ್ನೇ ಓದುತ್ತದೆ. ಹೀಗೆ ಕನ್ನಡ ಬಲ್ಲ ಅಂಧರಿಗೆ ಕನ್ನಡ ಪುಟವೇ ಅರ್ಥವಾಗದ ಗೊಣಗಾಟವಾಯಿತು.

ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯಿದೆ. 1991ರಲ್ಲಿ ಅದರ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿ ದೊರೆಯಿತು. ಅಲ್ಲಿ ‘ಕ’ ಅಕ್ಷರದ ಸಂಖ್ಯೆ 3221, ‘ನ’ 3240, ಅರ್ಧಾಕ್ಷರದ ಗುರುತು 3277, ‘ಡ’ 3233. ಆದ್ದರಿಂದ ‘ಕನ್ನಡ’ ಎಂದರೆ 3221, 3240, 3277, 3240, 3233 – ಯಾವ ಊರಿನ ಯಾವ ಗಣಕದಲ್ಲಾದರೂ ಇಷ್ಟೇ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಂದಿಗೆ ಯೂನಿಕೋಡ್ ಕನ್ನಡ ಸಾಮಾನ್ಯ ಗಣಕಗಳಿಗೂ ಇಳಿಯಿತು. ಅದರಲ್ಲಿದ್ದ ಕನ್ನಡ ಫಾಂಟಿನ ಹೆಸರು ‘ತುಂಗಾ’. ಭದ್ರೆಯೊಡನೆ ಕೂಡಿ ಹೊನ್ನಾಳಿಯ ಪಕ್ಕದಲ್ಲಿ ಹರಿಯುವ ನದಿಯ ಹೆಸರೇ ಅದು.

ಹಾಗೆ ನೋಡಿದರೆ ಈ ಯೋಚನೆ ಹೊಸದೇನೂ ಅಲ್ಲ. ಫ್ರಾನ್ಸಿನ ಲೂಯಿ ಬ್ರೈಲ್ ತನ್ನ ಹದಿನೈದನೆಯ ವಯಸ್ಸಿನಲ್ಲಿ, 1824ರಲ್ಲಿ, ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿದ. ಪ್ರತಿ ಚುಕ್ಕೆಯೂ ಉಬ್ಬಿರಬಹುದು ಅಥವಾ ಇಲ್ಲದಿರಬಹುದು. ಎರಡರ ಆರನೆಯ ಘಾತ 64. ಖಾಲಿಯದನ್ನು ಬಿಟ್ಟರೆ 63 ಚಿಹ್ನೆಗಳು. 1951ರಲ್ಲಿ ಒಪ್ಪಿಕೊಂಡ ಭಾರತಿ ಬ್ರೈಲ್‌ನಲ್ಲಿ ಒಂದನೆಯ ಮತ್ತು ಮೂರನೆಯ ಚುಕ್ಕೆ ಸೇರಿದರೆ ಕನ್ನಡದ ‘ಕ’, ಹಿಂದಿಯ ‘ಕ’, ತಮಿಳಿನ ‘ಕ’ ಎಲ್ಲವೂ ಹೌದು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಗ್ರಂಥಗಳನ್ನು ರಚಿಸಿದ್ದನ್ನು ದಾವಣಗೆರೆ ಸೀಮೆಯಲ್ಲಿ ತಿಳಿಯದವರಿಲ್ಲ. ಅವರ ಬರವಣಿಗೆಗೆ ಆಧಾರವಾದದ್ದು ಈ ಆರು ಚುಕ್ಕೆಗಳೇ. ಯೂನಿಕೋಡಿನಲ್ಲಿ ಬರೆದ ಪುಟವನ್ನು ಯಂತ್ರ ಬ್ರೈಲಿಗೆ ಕ್ಷಣದಲ್ಲಿ ಪರಿವರ್ತಿಸಬಲ್ಲದು. ಹಳೆಯ ಫಾಂಟಿನ ಪುಟವನ್ನೋ ಚಿತ್ರವನ್ನೋ ಹಾಗೆ ಪರಿವರ್ತಿಸಲಾಗದು. ಹಳೆಯ ಕಡತವನ್ನು ಹೊಸ ಜಾಲತಾಣಕ್ಕೆ ಹಾಕುವ ಡಿಟಿಪಿ ಅಂಗಡಿಯವರು ಮೊದಲು ಅದನ್ನು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು ಎನ್ನುವುದು ಇದಕ್ಕಾಗಿಯೇ. ‘ಬರಹ’ ಮತ್ತು ‘ನುಡಿ’ಗಳ ಮುಂದಿನ ಆವೃತ್ತಿಗಳಲ್ಲೂ ಯೂನಿಕೋಡ್ ಸೇರಿದೆ.

ಹೆಸರಿಲ್ಲದ ಗುಂಡಿ

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪಿಯುಸಿ ಮುಗಿಸಿದ ಹುಡುಗಿ. ದೃಷ್ಟಿ ಇಲ್ಲ. ತರಬೇತಿ ಕೇಂದ್ರವೊಂದರ ಜಾಲತಾಣದಲ್ಲಿ ಅರ್ಜಿ ತುಂಬಿ ಶುಲ್ಕ ಕಟ್ಟಬೇಕು. ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಹಾಕಿಕೊಂಡು ಪುಟ ತೆರೆಯುತ್ತಾಳೆ. ಬೆರಳು ಸರಿಸಿದಂತೆ ಮೊಬೈಲು ಹೇಳುತ್ತದೆ: ‘ತುಂಬುವ ಜಾಗ. ತುಂಬುವ ಜಾಗ. ತುಂಬುವ ಜಾಗ.’ ಯಾವುದರಲ್ಲಿ ಹೆಸರು, ಯಾವುದರಲ್ಲಿ ಜನ್ಮದಿನಾಂಕ? ಪರದೆಯ ಮೇಲೆ ಪಕ್ಕದಲ್ಲೇ ಬರೆದಿದೆ. ಆದರೆ ಆ ಬರಹಕ್ಕೂ ಈ ಜಾಗಕ್ಕೂ ನಂಟಿದೆ ಎಂದು ಹಿಂದಿನ ಸಂಕೇತದಲ್ಲಿ ಯಾರೂ ಹೇಳಿಲ್ಲ. ಅದನ್ನು ಹೇಳಲು ‘ಲೇಬಲ್’ ಎಂಬ ಒಂದು ಸಾಲು ಸಾಕಾಗಿತ್ತು.

ಊಹಿಸಿ ತುಂಬಿದಳೆನ್ನೋಣ. ಮುಂದೆ, ‘ಕೆಂಪು ಬಣ್ಣದ ಜಾಗಗಳನ್ನು ಕಡ್ಡಾಯವಾಗಿ ತುಂಬಿ’. ಅನಂತರ, ‘ಚಿತ್ರದಲ್ಲಿರುವ ಸೊಟ್ಟ ಅಕ್ಷರಗಳನ್ನು ನೋಡಿ ಬರೆಯಿರಿ’. ತುಂಬುತ್ತಿರುವುದು ಮನುಷ್ಯನೇ, ಯಂತ್ರವಲ್ಲ ಎಂದು ಖಚಿತಪಡಿಸಿಕೊಳ್ಳಲು ಇಟ್ಟ ಪರೀಕ್ಷೆ ಇದು. ಯಂತ್ರ ಓದಬಾರದೆಂದೇ ಮಾಡಿದ ಚಿತ್ರವಾದ್ದರಿಂದ ಅವಳ ಸ್ಕ್ರೀನ್ ರೀಡರೂ ಓದದು. ಜೊತೆಗೆ ಧ್ವನಿಯ ಪರೀಕ್ಷೆಯನ್ನೂ ಇಟ್ಟಿದ್ದರೆ ದಾಟಬಹುದಿತ್ತು, ಇಟ್ಟಿಲ್ಲ. ಹೇಗೋ ಅದನ್ನೂ ಕಳೆದರೆ, ಮೊಬೈಲಿಗೆ ಬಂದ ಓಟಿಪಿಯನ್ನು ಅರ್ಧ ನಿಮಿಷದಲ್ಲಿ ತುಂಬಬೇಕು. ಸಂದೇಶ ತೆರೆದು, ಆರು ಅಂಕಿ ಕೇಳಿ, ನೆನಪಿಟ್ಟು, ಹಿಂದಿರುಗಿ ಜಾಗ ಹುಡುಕುವಷ್ಟರಲ್ಲಿ ಸಮಯ ಮೀರುತ್ತದೆ. ಕೊನೆಯಲ್ಲಿ ಒಂದು ಗುಂಡಿ. ಅದರ ಮೇಲೆ ಬಾಣದ ಚಿತ್ರವಿದೆ, ಹೆಸರಿಲ್ಲ. ‘ಹೆಸರಿಲ್ಲದ ಗುಂಡಿ’ ಎಂದಷ್ಟೇ ಕೇಳುತ್ತದೆ. ಒತ್ತಿದರೆ ಹಣ ಹೋಗುತ್ತದೆಯೋ, ತುಂಬಿದ್ದೆಲ್ಲ ಅಳಿಸಿಹೋಗುತ್ತದೆಯೋ ಹೇಳುವವರಿಲ್ಲ.

ಕೊನೆಗೆ ಅವಳೇನು ಮಾಡುತ್ತಾಳೆ? ಪಕ್ಕದ ಮನೆಯವರ ಕೈಗೋ, ಸೈಬರ್ ಅಂಗಡಿಯವರ ಕೈಗೋ ಮೊಬೈಲು ಕೊಡುತ್ತಾಳೆ. ಜೊತೆಗೆ ಬ್ಯಾಂಕಿನ ಗುಪ್ತಸಂಖ್ಯೆಯನ್ನೂ ಹೇಳಬೇಕಾಗುತ್ತದೆ. ಗುಪ್ತಸಂಖ್ಯೆಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕುಗಳು ದಿನವೂ ಸಾರುತ್ತವೆ. ಅವಳಿಗೆ ಹೇಳದೆ ಬೇರೆ ದಾರಿ ಇಲ್ಲ. ಎಲ್ಲ ನೆರೆಯವರೂ ಮೋಸಗಾರರಲ್ಲ. ಆದರೆ ತನ್ನ ಹಣ, ತನ್ನ ಅಂಕಪಟ್ಟಿ, ತನ್ನ ಆರೋಗ್ಯದ ವಿವರ ಪ್ರತಿ ಬಾರಿಯೂ ಇನ್ನೊಬ್ಬರ ಕಣ್ಣಿನ ಮೂಲಕವೇ ಹಾದುಹೋಗಬೇಕು ಎಂದಾದರೆ, ಓದು ಬಂದೂ ಅವಳು ಪರಾಧೀನಳೇ. ದಾವಣಗೆರೆಯವರೆಗೆ ಬಸ್ಸಿನಲ್ಲಿ ಹೋಗಿಬರುವ ಕಷ್ಟ ತಪ್ಪಿಸಬೇಕಾಗಿದ್ದ ಜಾಲತಾಣ, ಅದು ಹೆಚ್ಚು ಅಗತ್ಯವಾಗಿದ್ದವಳಿಗೇ ಒದಗಲಿಲ್ಲ.

ಬಣ್ಣದ ಲೆಕ್ಕ

ತೊಂದರೆ ಪೂರ್ಣ ಅಂಧರಿಗೆ ಮಾತ್ರವೆಂದು ತಿಳಿಯಬಾರದು. ಕಣ್ಣಿನ ಪೊರೆ ಬೆಳೆಯುತ್ತಿರುವ ಅಜ್ಜಿ-ತಾತಂದಿರು ಪ್ರತಿ ಮನೆಯಲ್ಲೂ ಇದ್ದಾರೆ. ಪೊರೆಯಲ್ಲಿ ಬೆಳಕು ಚದುರುವುದರಿಂದ ಅಕ್ಷರ ಮತ್ತು ಹಿನ್ನೆಲೆಯ ನಡುವಿನ ವ್ಯತ್ಯಾಸ ಮಸುಕಾಗುತ್ತದೆ. ಇದನ್ನು ಅಳೆಯಲು ಸರಳವಾದ ಲೆಕ್ಕವಿದೆ. ಬಣ್ಣದ ಹೊಳಪನ್ನು ಸೊನ್ನೆಯಿಂದ ಒಂದರವರೆಗಿನ ಅಂಕಿಯಲ್ಲಿ ಹೇಳಲಾಗುತ್ತದೆ. ಅಚ್ಚ ಕಪ್ಪು 0, ಅಚ್ಚ ಬಿಳಿ 1. ಎರಡೂ ಬಣ್ಣಗಳ ಹೊಳಪಿಗೆ 0.05 ಕೂಡಿಸಿ, ಹೆಚ್ಚಿನದನ್ನು ಕಡಿಮೆಯದರಿಂದ ಭಾಗಿಸಬೇಕು. ಬಿಳಿಯ ಮೇಲೆ ಕಪ್ಪಾದರೆ 1.05 ಭಾಗಿಸು 0.05, ಅಂದರೆ 21. ಇದೇ ಗರಿಷ್ಠ. ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಈ ಪ್ರಮಾಣ ಕನಿಷ್ಠ 4.5, ದೊಡ್ಡ ಅಕ್ಷರಗಳಿಗೆ ಕನಿಷ್ಠ 3 ಇರಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ.

ಪರದೆಯ ಅಚ್ಚ ಹಳದಿಯ ಹೊಳಪು ಸುಮಾರು 0.93. ಬಿಳಿಯ ಮೇಲೆ ಹಳದಿ ಅಕ್ಷರ ಬರೆದರೆ ಪ್ರಮಾಣ 1.07, ಬರೆದೂ ಬರೆಯದಂತೆ. ಅಚ್ಚ ಕೆಂಪಿನ ಹೊಳಪು ಸುಮಾರು 0.21. ಕನ್ನಡ ಬಾವುಟದಂತೆ ಹಳದಿಯ ಪಕ್ಕ ಕೆಂಪು ಇಟ್ಟರೆ ಪ್ರಮಾಣ 3.7. ಅಂಗಡಿಯ ದೊಡ್ಡ ಹೆಸರಿಗೆ ಇದು ನಡೆದೀತು; ಸಣ್ಣ ಅಕ್ಷರದ ವಿಳಾಸಕ್ಕೆ ಸಾಲದು. ಅಚ್ಚ ಹಸಿರಿನ ಮೇಲೆ ಅಚ್ಚ ಕೆಂಪು 2.9 ಮಾತ್ರ, ಅದರ ಮೇಲೆ ಕೆಂಪು-ಹಸಿರು ಬಣ್ಣಗುರುಡು ಇರುವವರಿಗೆ ಆ ಎರಡು ಬಣ್ಣಗಳ ಭೇದವೇ ಸರಿಯಾಗಿ ತಿಳಿಯದು. ಎಕ್ಸ್ ವರ್ಣತಂತುವಿನ ಮೂಲಕ ಬರುವ ಈ ದೋಷ ಗಂಡಸರಲ್ಲೇ ಹೆಚ್ಚು ಎಂಬುದನ್ನು ವಿದ್ಯಾರ್ಥಿಗಳು ಜೀವಶಾಸ್ತ್ರದಲ್ಲಿ ಓದಿರುತ್ತಾರೆ. ಆದ್ದರಿಂದ ‘ಕೆಂಪು ಎಂದರೆ ದಾಸ್ತಾನು ಮುಗಿದಿದೆ, ಹಸಿರು ಎಂದರೆ ಇದೆ’ ಎಂದು ಬಣ್ಣದಿಂದಷ್ಟೇ ಸೂಚಿಸದೆ, ‘ಮುಗಿದಿದೆ’, ‘ಇದೆ’ ಎಂಬ ಪದಗಳನ್ನೂ ಬರೆಯಬೇಕು.

ಕೈ ಮತ್ತು ಕಿವಿಯ ಮಾತು

ಕೈ ನಡುಗುವವರಿಗೆ, ಪಾರ್ಶ್ವವಾಯುವಿನಿಂದ ಒಂದು ಕೈ ಸ್ವಾಧೀನ ತಪ್ಪಿದವರಿಗೆ ಮೌಸನ್ನು ಗುರಿಯಿಟ್ಟು ನಡೆಸುವುದು ಕಷ್ಟ. ಕೀಲಿಮಣೆಯ ‘ಟ್ಯಾಬ್’ ಒತ್ತುತ್ತ ಒಂದೊಂದೇ ಗುಂಡಿಗೆ ಹೋಗಿ, ‘ಎಂಟರ್’ ಒತ್ತಿ ಕೆಲಸ ಮುಗಿಸುವಂತಿದ್ದರೆ ಅವರಿಗೆ ಅನುಕೂಲ. ಈಗ ಯಾವ ಗುಂಡಿಯ ಮೇಲಿದ್ದೇವೆ ಎಂಬುದು ಒಂದು ಚೌಕಟ್ಟಿನಿಂದ ಎದ್ದು ಕಾಣುತ್ತಿರಬೇಕು. ಅಂದಗೆಡಿಸುತ್ತದೆ ಎಂದು ಆ ಚೌಕಟ್ಟನ್ನೇ ತೆಗೆದುಹಾಕುವ ವಿನ್ಯಾಸಕಾರರಿದ್ದಾರೆ. ಕತ್ತಲೆ ಕೋಣೆಯಲ್ಲಿ ನಡೆಯುವವನ ಕೈಯ ದೀಪ ಕಿತ್ತುಕೊಂಡಂತೆ ಇದು. ಗುಂಡಿಗಳು ತೀರ ಚಿಕ್ಕದಾಗಿ, ಒಂದಕ್ಕೊಂದು ಅಂಟಿಕೊಂಡಿದ್ದರೂ ಕಷ್ಟವೇ.

ಇನ್ನು ಶ್ರವಣದೋಷ ಇರುವವರು. ಬಟ್ಟೆ ಅಂಗಡಿಯ ಜಾಲತಾಣದಲ್ಲಿ ಮಾಲೀಕರು ವಿಡಿಯೋ ಮೂಲಕ ರಿಯಾಯಿತಿಯ ವಿವರ ಹೇಳುತ್ತಾರೆ. ಕೆಳಗೆ ಅಕ್ಷರಗಳಲ್ಲಿ ಒಂದು ಸಾಲೂ ಇಲ್ಲ. ‘ಹೆಚ್ಚಿನ ವಿವರಕ್ಕೆ ಕರೆ ಮಾಡಿ’ ಎಂದು ದೂರವಾಣಿ ಸಂಖ್ಯೆ ಮಾತ್ರ ಇದೆ. ಕಿವಿ ಕೇಳದ ಗಿರಾಕಿ ಕರೆ ಮಾಡಿ ಏನು ಮಾಡಬೇಕು? ಆಡಿದ ಮಾತನ್ನು ಬರಹದಲ್ಲೂ ಕೊಟ್ಟು, ಸಂದೇಶ ಕಳಿಸಲೊಂದು ದಾರಿ ಇಟ್ಟರೆ ತೊಡಕು ನಿವಾರಣೆಯಾಗುತ್ತದೆ.

ಕಾನೂನು ಏನೆನ್ನುತ್ತದೆ?

ಜಾಲದ ಪುಟಗಳು ಎಲ್ಲರಿಗೂ ಎಟಕುವಂತಿರಬೇಕು ಎಂಬ ಮೊದಲ ಅಂತರರಾಷ್ಟ್ರೀಯ ಮಾರ್ಗಸೂಚಿ 1999ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಮರುವರ್ಷವೇ ಅದು ಪರೀಕ್ಷೆಗೆ ಬಂತು. 2000ದ ಸಿಡ್ನಿ ಒಲಿಂಪಿಕ್ಸ್‌ನ ಜಾಲತಾಣದಲ್ಲಿ ಫಲಿತಾಂಶದ ಕೋಷ್ಟಕಗಳನ್ನು ಓದಲಾಗುತ್ತಿಲ್ಲ, ಚಿತ್ರಗಳಿಗೆ ವಿವರಣೆ ಇಲ್ಲ ಎಂದು ಬ್ರೂಸ್ ಮಗ್ವಾಯರ್ ಎಂಬ ಅಂಧ ವ್ಯಕ್ತಿ ದೂರು ಕೊಟ್ಟಿದ್ದರು. ಸರಿಪಡಿಸಲು ವಿಪರೀತ ಖರ್ಚಾಗುತ್ತದೆ ಎಂದು ಸಂಘಟಕರು ವಾದಿಸಿದರು. ಆಸ್ಟ್ರೇಲಿಯದ ಮಾನವ ಹಕ್ಕುಗಳ ಆಯೋಗ ಆ ವಾದವನ್ನು ಒಪ್ಪಲಿಲ್ಲ. ಪರಿಹಾರವಾಗಿ 20,000 ಡಾಲರ್ ಕೊಡಬೇಕಾಯಿತು.

ಭಾರತದಲ್ಲಿ 1995ರ ಕಾಯಿದೆಯ ಸ್ಥಾನದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಬಂದು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಿಂದಿನ ಕಾಯಿದೆ 7 ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. ಇದು 21 ಬಗೆಗಳನ್ನು ಗುರುತಿಸುತ್ತದೆ. ಸೇವೆ ನೀಡುವವರು ಸರ್ಕಾರದವರಾಗಲಿ ಖಾಸಗಿಯವರಾಗಲಿ, ನಿಯಮಗಳು ಹೊರಟ ಎರಡು ವರ್ಷಗಳೊಳಗೆ ತಮ್ಮ ಸೇವೆ ಎಲ್ಲರಿಗೂ ಎಟಕುವಂತೆ ಮಾಡಬೇಕು ಎಂದು ಅದರ 46ನೆಯ ಕಲಮು ಹೇಳುತ್ತದೆ. ನಿಯಮಗಳು ಹೊರಟದ್ದು 2017ರ ಜೂನ್‌ನಲ್ಲಿ. ಕಾಯಿದೆಯ ಉಲ್ಲಂಘನೆಗೆ ಮೊದಲ ಬಾರಿ 10,000 ರೂಪಾಯಿಯವರೆಗೆ, ಮರುಕಳಿಸಿದರೆ 50,000ದಿಂದ 5 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ.

2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ನಿಯಮಗಳು ಬರೇ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯವಾಗಿರಬೇಕು ಎಂದಿತು. 2025ರ ಏಪ್ರಿಲ್ 30ರ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬ್ಯಾಂಕು ಖಾತೆ ತೆರೆಯುವಾಗ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ತೋರಿಸಬೇಕೆಂಬ ಪದ್ಧತಿಯಿತ್ತು. ಆಸಿಡ್ ದಾಳಿಯಲ್ಲಿ ಕಣ್ಣಿಗೆ ತೀವ್ರ ಹಾನಿಯಾದವರು ಮಿಟುಕಿಸುವುದು ಹೇಗೆ? ಪ್ರಜ್ಞಾ ಪ್ರಸೂನ್ ಅವರು ಈ ಪ್ರಶ್ನೆಯನ್ನು ನ್ಯಾಯಾಲಯದ ಮುಂದಿಟ್ಟರು. ಗಣಕ ಮತ್ತು ಮೊಬೈಲುಗಳ ಮೂಲಕ ದೊರೆಯುವ ಸೇವೆಗಳನ್ನು ಬಳಸುವ ಅವಕಾಶ, ಸಂವಿಧಾನದ 21ನೆಯ ವಿಧಿ ಕೊಡುವ ಬದುಕುವ ಹಕ್ಕಿನಲ್ಲೇ ಅಡಕವಾಗಿದೆ ಎಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಸರಿಪಡಿಸಲು 20 ನಿರ್ದೇಶನಗಳನ್ನು ಕೊಟ್ಟಿತು.

ವ್ಯಾಪಾರಿಯ ಲಾಭ, ಮಕ್ಕಳ ಕೆಲಸ

ದಂಡದ ಭಯಕ್ಕಿಂತ ವ್ಯಾಪಾರದ ಲೆಕ್ಕ ಅಂಗಡಿಯವರಿಗೆ ಬೇಗ ಅರ್ಥವಾಗುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಅವರ ಜೊತೆಗೆ ಕಣ್ಣು ಮಂಜಾದ ಹಿರಿಯರು, ಕೈಗೆ ಪೆಟ್ಟು ಬಿದ್ದವರು, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಮೊಬೈಲು ನೋಡುವವರು – ಇವರೆಲ್ಲರೂ ಗಿರಾಕಿಗಳೇ. ಇನ್ನೊಂದು ಮಾತೂ ಉಂಟು. ಗೂಗಲ್‌ನಂಥ ಹುಡುಕುವ ಯಂತ್ರಗಳು ಮುಖ್ಯವಾಗಿ ಆಧರಿಸುವುದು ಸ್ಕ್ರೀನ್ ರೀಡರಿನಂತೆ ಪುಟದ ಹಿಂದಿನ ಬರಹವನ್ನು. ನ್ಯಾಮತಿಯ ಬೀಜದ ಅಂಗಡಿಯವರು ಮೆಕ್ಕೆಜೋಳದ ತಳಿಗಳ ಪಟ್ಟಿಯನ್ನು ಚಿತ್ರವಾಗಿ ಹಾಕಿದರೆ ಅದನ್ನು ಹುಡುಕಿಕೊಂಡು ಬರುವುದು ಕಷ್ಟ. ಅಕ್ಷರದಲ್ಲಿ ಬರೆದರೆ ಊರಾಚೆಯ ರೈತನಿಗೂ ಸುಲಭವಾಗಿ ಸಿಗುತ್ತದೆ. ಖರ್ಚಿನ ಮಾತಿಗೆ ಬಂದರೆ, ಮನೆ ಕಟ್ಟುವಾಗಲೇ ಬಾಗಿಲು ಅಗಲ ಇಡುವುದಕ್ಕೂ, ಕಟ್ಟಿದ ಮೇಲೆ ಗೋಡೆ ಒಡೆಯುವುದಕ್ಕೂ ಇರುವ ವ್ಯತ್ಯಾಸ ಇಲ್ಲೂ ಇದೆ. ಜಾಲತಾಣ ಮಾಡಿಕೊಡುವವರಿಗೆ ಮೊದಲೇ ಈ ಷರತ್ತನ್ನು ಹೇಳುವುದು ಲೇಸು.

ಆ ಜಾಲತಾಣಗಳನ್ನು ನಾಳೆ ಮಾಡಿಕೊಡುವವರು ಇಂದು ಶಾಲೆ-ಕಾಲೇಜಿನಲ್ಲಿರುವ ಮಕ್ಕಳೇ. ಅವರು ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗವಿದೆ. ಅಪ್ಪ-ಅಮ್ಮನೊಡನೆ ಕುಳಿತು ಆಂಡ್ರಾಯ್ಡ್ ಫೋನಿನ ‘ಸೆಟ್ಟಿಂಗ್ಸ್’ನಲ್ಲಿ ‘ಆಕ್ಸೆಸಿಬಿಲಿಟಿ’ ವಿಭಾಗದ ಟಾಕ್‌ಬ್ಯಾಕನ್ನು ಚಾಲೂ ಮಾಡಬೇಕು. ಆರಿಸುವ ಬಗೆಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಹೆಚ್ಚಿನ ಫೋನುಗಳಲ್ಲಿ ಧ್ವನಿ ಹೆಚ್ಚಿಸುವ, ತಗ್ಗಿಸುವ ಎರಡೂ ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿದರೆ ಆರುತ್ತದೆ. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನ ಅಂಶ ಕೇಳುತ್ತದೆ. ಎರಡು ಬಾರಿ ತಟ್ಟಿದರೆ ಅದು ತೆರೆಯುತ್ತದೆ. ಈಗ ಕಣ್ಣು ಮುಚ್ಚಿಕೊಂಡು, ಪರಿಚಯದ ಅಂಗಡಿಯೊಂದರ ಜಾಲತಾಣದಲ್ಲಿ ಒಂದು ವಸ್ತುವಿನ ಬೆಲೆ ಕಂಡುಹಿಡಿಯಬೇಕು. ಎಷ್ಟು ನಿಮಿಷ ಹಿಡಿಯಿತು, ಎಷ್ಟು ಕಡೆ ‘ಚಿತ್ರ’ ಎಂದಿತು, ಎಷ್ಟು ಗುಂಡಿಗಳಿಗೆ ಹೆಸರಿರಲಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಇನ್ನೊಂದು ದಿನ ಗಣಕದಲ್ಲಿ ಮೌಸನ್ನು ಪಕ್ಕಕ್ಕಿಟ್ಟು, ‘ಟ್ಯಾಬ್’ ಗುಂಡಿಯಿಂದಷ್ಟೇ ಅರ್ಜಿಯೊಂದನ್ನು ಕೊನೆಯವರೆಗೆ ತುಂಬಲು ಯತ್ನಿಸಬಹುದು.

ಆ ಹಾಳೆಯನ್ನು ಅಂಗಡಿಯ ಮಾಲೀಕರಿಗೆ ತೋರಿಸುವುದರಲ್ಲಿ ಸಂಕೋಚ ಬೇಡ. ಚನ್ನಗಿರಿ, ಹೊನ್ನಾಳಿಗಳಂಥ ಊರಿನಲ್ಲಿ ಅಂಗಡಿಯವರು ಮುಖಪರಿಚಯದವರೇ. ಬೇಕೆಂದು ಯಾರೂ ಬಾಗಿಲು ಹಾಕಿಲ್ಲ, ಹಾಕಿದೆ ಎಂದು ಅವರಿಗೆ ಗೊತ್ತಿಲ್ಲ ಅಷ್ಟೇ. ದರಪಟ್ಟಿಯ ಚಿತ್ರದ ಕೆಳಗೆ ಅದೇ ದರಗಳನ್ನು ಯೂನಿಕೋಡ್ ಕನ್ನಡದಲ್ಲಿ ಬರೆದು ಹಾಕಲು ಐದು ನಿಮಿಷ ಸಾಕು. ಅಷ್ಟಾದರೆ ಮರುದಿನ ಬೆಳಿಗ್ಗೆ ಆ ಕಣ್ಣು ಕಾಣದ ರೈತರು ಯಾರನ್ನೂ ಕರೆಯದೆ, ತಮ್ಮ ಮೊಬೈಲಿನಿಂದಲೇ ರಾಶಿ ಅಡಿಕೆಯ ಬೆಲೆ ಕೇಳಿಕೊಂಡು, ಮಾಲು ಇಂದು ಒಯ್ಯಬೇಕೋ ನಾಳೆಯೋ ಎಂದು ತಾವೇ ನಿರ್ಧರಿಸಬಹುದು.